ಡಾಕ್ಟರೇ, ನಿಮಗೆ ಯಾವ ಬ್ಯಾಂಡ್ ಇಷ್ಟ?

ಬ್ರಿಟನ್ನಿಗೆ ಬರಬಯಸುವ ಭಾರತೀಯ ವೈದ್ಯರು ದಾಟಬೇಕಾದ ಪರೀಕ್ಷೆಗಳು ಒಂದೆರಡಲ್ಲ. ಭಾಷೆಗೆ ಐಇಎಲ್‌ಟಿಎಸ್ ಅಥವಾ ಒಇಟಿ. ವೃತ್ತಿಗೆ ಪ್ಲ್ಯಾಬ್‌ನ ಎರಡು ಭಾಗಗಳು. ಕೆಲವು ವರ್ಷ ದುಡಿದ ಮೇಲೆ ಇಲ್ಲಿಯೇ ನೆಲೆಸುವ ಮನಸ್ಸಾದರೆ ‘ಲೈಫ್ ಇನ್ ದ ಯುಕೆ’ ಎಂಬ ಇನ್ನೊಂದು. ಅದರಲ್ಲಿ 45 ನಿಮಿಷಗಳಿಗೆ 24 ಪ್ರಶ್ನೆಗಳು. 18ಕ್ಕೆ ಸರಿಯುತ್ತರ ಬರೆದರೆ ಪಾಸು. ಆ ಪರೀಕ್ಷೆಯ ಕೈಪಿಡಿಯಲ್ಲಿ ಹೆನ್ರಿ ದೊರೆಯ ಆರು ಮಂದಿ ಹೆಂಡಿರ ಜೊತೆಗೆ ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ತಂಡಗಳ ಹೆಸರೂ ಇದೆ. ಇವೆಲ್ಲವನ್ನೂ ಬಾಯಿಪಾಠ ಮಾಡಿ ಗೆಲ್ಲಬಹುದು. ನಮ್ಮವರು ಅದರಲ್ಲಿ ನಿಸ್ಸೀಮರು. ಆದರೆ ಆಸ್ಪತ್ರೆಯ ಕಾಫಿ ಕೋಣೆಯಲ್ಲಿ ಮೊದಲ ವಾರವೇ ಎದುರಾಗುವ ಒಂದು ಪ್ರಶ್ನೆಗೆ ಯಾವ ಕೋಚಿಂಗ್ ಕೇಂದ್ರವೂ ಸಿದ್ಧಗೊಳಿಸುವುದಿಲ್ಲ: ‘ನಿಮಗೆ ಯಾವ ಬ್ಯಾಂಡ್ ಇಷ್ಟ?’

ಇದು ಬರಿಯ ಹರಟೆಯ ಪ್ರಶ್ನೆಯೆಂದು ತಿಳಿಯಬಾರದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ‘ಯಾವೂರಾಯ್ತು ತಮ್ಮದು? ಯಾರ ಪೈಕಿ?’ ಎಂದು ಕೇಳಿ ಎರಡೇ ಮಾತಿನಲ್ಲಿ ನಮ್ಮ ನೆಲೆಯನ್ನು ಗುರುತು ಹಾಕಿಕೊಳ್ಳುತ್ತಾರಲ್ಲ, ಅದೇ ಕೆಲಸವನ್ನು ಇಲ್ಲಿ ಈ ಪ್ರಶ್ನೆ ಮಾಡುತ್ತದೆ. ಮೆಚ್ಚಿನ ತಂಡದ ಹೆಸರಿನಿಂದ ವಯಸ್ಸು ತಿಳಿಯುತ್ತದೆ, ಊರು ತಿಳಿಯುತ್ತದೆ, ಎಷ್ಟೋ ಸಲ ತಂದೆ ಯಾವ ಬಗೆಯ ಕೆಲಸ ಮಾಡುತ್ತಿದ್ದರೆಂಬುದೂ ತಿಳಿಯುತ್ತದೆ. ಲಿವರ್‌ಪೂಲಿನವರಿಗೆ ಬೀಟಲ್ಸ್, ಮ್ಯಾಂಚೆಸ್ಟರಿನವರಿಗೆ ಜಾಯ್ ಡಿವಿಷನ್, ಸ್ಮಿತ್ಸ್ ಮತ್ತು ಓಯಸಿಸ್, ಶೆಫೀಲ್ಡಿನವರಿಗೆ ಪಲ್ಪ್ ಮತ್ತು ಆರ್ಕ್ಟಿಕ್ ಮಂಕೀಸ್, ಕವೆಂಟ್ರಿಯವರಿಗೆ ಸ್ಪೆಷಲ್ಸ್, ಬರ್ಮಿಂಗ್‌ಹ್ಯಾಮಿನವರಿಗೆ ಬ್ಲ್ಯಾಕ್ ಸಬ್ಬತ್. 1995ರ ಆಗಸ್ಟ್ 14ರಂದು ಓಯಸಿಸ್ ಮತ್ತು ಬ್ಲರ್ ಎಂಬ ಎರಡು ತಂಡಗಳು ಒಂದೇ ದಿನ ಒಂದೊಂದು ಹಾಡನ್ನು ಮಾರುಕಟ್ಟೆಗೆ ಬಿಟ್ಟಾಗ ಅದು ರಾಷ್ಟ್ರೀಯ ವಾರ್ತೆಯಾಯಿತು. ಉತ್ತರದ ದುಡಿಯುವ ವರ್ಗದ ಹುಡುಗರು ಒಂದೆಡೆ, ದಕ್ಷಿಣದ ಓದಿದ ಮನೆಗಳ ಹುಡುಗರು ಇನ್ನೊಂದೆಡೆ ಎಂದು ಪತ್ರಿಕೆಗಳು ಬಣ್ಣಿಸಿದವು. ಆ ವಾರ ಗೆದ್ದದ್ದು ಬ್ಲರ್. ಆದರೂ ಆ ಕಾಲದಲ್ಲಿ ಶಾಲೆಯಲ್ಲಿದ್ದು ಈಗ ಐವತ್ತಕ್ಕೆ ಹತ್ತಿರವಾದ ನನ್ನ ಸಹೋದ್ಯೋಗಿಗಳು ಇಂದಿಗೂ ಆ ಜಗಳವನ್ನು ಬಿಟ್ಟಿಲ್ಲ. 2025ರ ಜುಲೈಯಲ್ಲಿ ಓಯಸಿಸ್‌ನ ಗ್ಯಾಲಗರ್ ಸಹೋದರರು ಹದಿನಾರು ವರ್ಷಗಳ ಮುನಿಸನ್ನು ಬದಿಗಿಟ್ಟು ಕಾರ್ಡಿಫ್‌ನಲ್ಲಿ ಮತ್ತೆ ಒಟ್ಟಿಗೆ ವೇದಿಕೆ ಏರಿದಾಗ, ನಮ್ಮ ವಾರ್ಡಿನಲ್ಲಿ ರಜೆಯ ಪಟ್ಟಿಯನ್ನು ಹೊಂದಿಸುವುದೇ ಒಂದು ಸಾಹಸವಾಯಿತು.

ಈ ಪ್ರಶ್ನೆ ನನ್ನಂಥವನಿಗೆ ಮೊದಲು ಕಷ್ಟವೆನಿಸಿದ್ದು ಹೆಸರುಗಳ ಕೊರತೆಯಿಂದಲ್ಲ. ‘ಬ್ಯಾಂಡ್’ ಎಂಬ ಕಲ್ಪನೆಯೇ ನಮ್ಮಲ್ಲಿ ಬೇರೆ. ಉತ್ತರ ಕರ್ನಾಟಕದ ನಮ್ಮೂರಿನಲ್ಲಿ ಬ್ಯಾಂಡ್ ಎಂದರೆ ಮದುವೆಯ ಮೆರವಣಿಗೆಯ ಮುಂದೆ ಕೆಂಪು ಅಂಗಿ ತೊಟ್ಟು ಊದುತ್ತ ಸಾಗುವವರು. ನಮ್ಮ ಹಾಡಿಗೆ ಒಡೆಯರು ಹಲವರು. ಬರೆದವರು ಒಬ್ಬರು, ರಾಗ ಹಾಕಿದವರು ಒಬ್ಬರು, ಹಾಡಿದವರು ಒಬ್ಬರು, ತೆರೆಯ ಮೇಲೆ ತುಟಿಯಾಡಿಸಿದವರು ಮತ್ತೊಬ್ಬರು. ರಾಜನ್-ನಾಗೇಂದ್ರರ ಸಂಗೀತ, ಪಿ.ಬಿ. ಶ್ರೀನಿವಾಸರ ಕಂಠ, ರಾಜಕುಮಾರರ ಮುಖ, ಇವು ಮೂರೂ ಸೇರಿ ನಮ್ಮ ಮನಸ್ಸಿನಲ್ಲಿ ಒಂದು ಹಾಡಾಗುತ್ತದೆ. ಮುಂದೆ ರಾಜಕುಮಾರರೇ ತಮ್ಮ ಪಾತ್ರಗಳಿಗೆ ಹಾಡತೊಡಗಿದಾಗ ಕಂಠ ಮತ್ತು ಮುಖ ಒಂದಾದವು; ಆದರೂ ಅದು ಬ್ಯಾಂಡ್ ಆಗಲಿಲ್ಲ. ಇಲ್ಲಿಯ ಬ್ಯಾಂಡ್ ಎಂದರೆ ಒಂದೇ ಬೀದಿಯ, ಒಂದೇ ಶಾಲೆಯ ನಾಲ್ವರು ಹುಡುಗರು ಗ್ಯಾರೇಜಿನಲ್ಲಿ ಕೂಡಿ, ತಾವೇ ಬರೆದು, ತಾವೇ ನುಡಿಸಿ, ತಾವೇ ಹಾಡಿ, ಕೊನೆಗೆ ತಾವೇ ಕಿತ್ತಾಡಿ ಬೇರೆಯಾಗುವ ಕಥೆ. ಜಗಳವೂ ಆ ಕಲೆಯ ಒಂದು ಅಂಗವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹಾಗೆಂದು ನಾವೇನೂ ಹಾಡಿಲ್ಲದ ಮರುಭೂಮಿಯಿಂದ ಬಂದವರಲ್ಲ. ಬೆಳಿಗ್ಗೆ ಧಾರವಾಡ ಆಕಾಶವಾಣಿ, ಮಧ್ಯಾಹ್ನ ವಿವಿಧ ಭಾರತಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದ ಕ್ಯಾಸೆಟ್ಟು, ಅಶ್ವತ್ಥರು ಹಾಡಿದ ಶಿಶುನಾಳ ಶರೀಫರ ಪದಗಳು, ಮನ್ಸೂರರ, ಭೀಮಸೇನ ಜೋಶಿಯವರ ಬೈಠಕ್ಕುಗಳ ಬಗ್ಗೆ ಹಿರಿಯರು ಆಡುತ್ತಿದ್ದ ಮಾತುಗಳು. ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಪಿಂಕ್ ಫ್ಲಾಯ್ಡ್ ಮತ್ತು ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ಟುಗಳನ್ನು ತಂದು, ಅವನ್ನು ದೇವರ ಪಟದಷ್ಟು ಭಕ್ತಿಯಿಂದ ಕಾಪಾಡುತ್ತಿದ್ದ. ಅವನ ಕೋಣೆಯ ಹೊರಗೆ ನಿಂತು ಕೇಳಿದ್ದಷ್ಟೇ ನಮ್ಮ ಪಾಲಿನ ಪಾಶ್ಚಾತ್ಯ ಸಂಗೀತ.

ಕಾಫಿ ಕೋಣೆಯಲ್ಲಿ ಆಗಾಗ ನಡೆಯುವ ಒಂದು ಆಟವಿದೆ. ‘ನಾನು ಈವರೆಗೆ ನೋಡದ, ಕೇಳದ ಪ್ರಸಿದ್ಧ ಸಂಗತಿ ಯಾವುದು?’ ಎಂದು ಪ್ರತಿಯೊಬ್ಬರೂ ಒಪ್ಪಿಕೊಳ್ಳಬೇಕು. ಅರಿವಳಿಕೆ ತಜ್ಞರೊಬ್ಬರು ‘ಸ್ಟಾರ್ ವಾರ್ಸ್’ನ ಒಂದು ಚಿತ್ರವನ್ನೂ ನೋಡಿಲ್ಲ. ಹಿರಿಯ ದಾದಿಯೊಬ್ಬರು ಬೀಟಲ್ಸ್‌ನ ಒಂದು ಆಲ್ಬಮ್ಮನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿಲ್ಲ. ಹೇಳಿದೊಡನೆ ಸುತ್ತಲಿನವರು ‘ಅಯ್ಯೋ, ಇಲ್ಲವೇ!’ ಎಂದು ಉದ್ಗರಿಸಿ, ನಕ್ಕು, ಮುಂದಿನ ವಾರದೊಳಗೆ ಕೇಳಲೇಬೇಕೆಂದು ಅಪ್ಪಣೆ ಮಾಡುತ್ತಾರೆ. ಹೇಳಿದವರ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇರುತ್ತದೆ. ಎಲ್ಲರಿಗೂ ತಿಳಿದಿರುವುದು ತನಗೆ ತಿಳಿಯದು ಎನ್ನುವಾಗ, ಉಳಿದದ್ದೆಲ್ಲ ತಿಳಿದಿದೆ ಎಂಬ ನಂಬಿಕೆ ಅದರ ಹಿಂದಿದೆ. ಅದು ತುಂಬಿದ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದಂತೆ. ಹೊರಗಿನಿಂದ ಬಂದವನು ಅದೇ ಮಾತನ್ನು ಹೇಳಿದಾಗ ನಗು ಬರುವುದಿಲ್ಲ. ಒಂದು ಕ್ಷಣ ಮೌನ ಆವರಿಸುತ್ತದೆ, ಆಮೇಲೆ ಯಾರಾದರೂ ಸೌಜನ್ಯದಿಂದ ಹವಾಮಾನದ ಮಾತೆತ್ತುತ್ತಾರೆ. ನಮ್ಮಲ್ಲಿರುವುದು ಬಿದ್ದ ಇಟ್ಟಿಗೆಯಲ್ಲ, ಬೇರೆಯೇ ಮನೆ ಎಂಬುದು ಅವರಿಗೆ ಕಾಣುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ನಾವು ‘ಬಂಗಾರದ ಮನುಷ್ಯ’ದ ಸಂಭಾಷಣೆಯೊಂದನ್ನು ಉದುರಿಸಿ ನಗುವಾಗ ಪಕ್ಕದ ಬಿಹಾರದ ಹುಡುಗನ ಮುಖವನ್ನು ನಾವಾದರೂ ಎಷ್ಟು ಸಲ ನೋಡಿದ್ದೇವೆ?

ಕರ್ನಾಟಕದಿಂದ ಹೊಸದಾಗಿ ಬಂದ ಕಿರಿಯ ವೈದ್ಯರೊಬ್ಬರು ಒಂದು ಸಂಜೆ ನನ್ನೊಡನೆ ಕಾರ್ ಪಾರ್ಕಿನತ್ತ ನಡೆಯುತ್ತ ಹೇಳಿದರು: ‘ಸರ್, ಅವರು ಏನೋ ಅಂದ್ರು, ಎಲ್ರೂ ನಕ್ಕರು, ನಾನೂ ನಕ್ಕೆ. ಯಾಕೆ ನಕ್ಕೆ ಅಂತ ನನಗೇ ಗೊತ್ತಿಲ್ಲ ಸರ್.’ ವಿಕಿಪೀಡಿಯ ತೆರೆದು ಬ್ರಿಟಿಷ್ ತಂಡಗಳ ಪಟ್ಟಿ ಮಾಡಿ ಓದತೊಡಗಿದ್ದೇನೆ ಎಂದೂ ಹೇಳಿದರು. ಪಬ್ಬುಗಳಲ್ಲಿ ನಡೆಯುವ ಕ್ವಿಜ್‌ಗೆ ವಾರ್ಡಿನವರೆಲ್ಲ ಹೊರಟಿದ್ದರಂತೆ. ಹಾಡಿನ ಮೊದಲ ಕೆಲವು ಸೆಕೆಂಡುಗಳನ್ನು ಕೇಳಿಸಿ ಹೆಸರು ಹೇಳಿಸುವ ಸುತ್ತು ಅಲ್ಲಿ ಇದ್ದೇ ಇರುತ್ತದೆ. ನಾನು ಹೇಳಿದೆ: ‘ಆ ಪಟ್ಟಿ ಬಿಟ್ಟುಬಿಡಿ. ಹದಿನೈದನೆಯ ವಯಸ್ಸಿನಲ್ಲಿ ಮನಸ್ಸಿಗೆ ಇಳಿದ ಹಾಡನ್ನು ಮೂವತ್ತರಲ್ಲಿ ಓದಿ ಇಳಿಸಿಕೊಳ್ಳಲಾಗದು. ಅದರ ಬದಲು, ನೀವು ಅದನ್ನು ಮೊದಲು ಎಲ್ಲಿ ಕೇಳಿದಿರಿ ಎಂದು ಅವರನ್ನೇ ಕೇಳಿ. ಆಮೇಲೆ ಅರ್ಧ ಗಂಟೆ ನೀವು ಮಾತಾಡಬೇಕಾಗಿಲ್ಲ.’ ಈ ಸಲಹೆ ಎಲ್ಲರಿಗೂ ಬೇಕಾಗುವುದಿಲ್ಲ ಎನ್ನಿ. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿವೆ. ಆ ಮಣ್ಣಿನಲ್ಲಿ ಕುಣಿದು ಬಂದ ಹುಡುಗರು ಇಲ್ಲಿಯವರಿಗೇ ಹೆವಿ ಮೆಟಲ್ ಪಾಠ ಹೇಳಬಲ್ಲರು. ರಾಯಚೂರಿನಿಂದಲೋ ಹಾವೇರಿಯಿಂದಲೋ ನೇರವಾಗಿ ಬಂದವರಿಗೆ ಮಾತ್ರ ಈ ತೊಡಕು.

ಕೇಳಿದರೆ ಎಂಥೆಂಥ ಕಥೆಗಳು ಹೊರಬರುತ್ತವೆ! ಬ್ಲ್ಯಾಕ್ ಸಬ್ಬತ್ ಎಂಬ ಹೆಸರು ಕೇಳಿಯೇ ದೂರ ಸರಿಯುತ್ತಿದ್ದ ನನಗೆ, ಬರ್ಮಿಂಗ್‌ಹ್ಯಾಮಿನ ಮೂಳೆತಜ್ಞರೊಬ್ಬರು ಟೋನಿ ಅಯೋಮಿಯ ಬೆರಳುಗಳ ಕಥೆಯನ್ನು ಹೇಳಿದ ಮೇಲೆ ಆ ಸಂಗೀತ ಬೇರೆಯಾಗಿಯೇ ಕೇಳಿಸಿತು. ಅಯೋಮಿ ಹದಿನೇಳರ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಕೆಲಸದ ಕೊನೆಯ ದಿನವೇ ಯಂತ್ರ ಅವರ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತು. ಎಡಗೈಯವರಾದ್ದರಿಂದ ತಂತಿಯನ್ನು ಒತ್ತಬೇಕಾದದ್ದು ಆ ಬಲಗೈಯೇ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ನೋವಾಗದಂತೆ ಗಿಟಾರಿನ ತಂತಿಗಳನ್ನು ಸಡಿಲಗೊಳಿಸಿ ನುಡಿಸಿದರು. ತಂತಿ ಸಡಿಲವಾದಂತೆ ಸ್ವರ ಕೆಳಗಿಳಿದು ಭಾರವಾಯಿತು. ಹೆವಿ ಮೆಟಲ್‌ನ ಆ ಗುಡುಗಿಗೆ ಅದೂ ಒಂದು ಕಾರಣ. ಅದೇ ತಂಡದ ಹಾಡುಗಾರ ಆಝಿ ಆಸ್ಬರ್ನ್ ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾರದ ಸ್ಥಿತಿಯಲ್ಲಿ, 2025ರ ಜುಲೈ 5ರಂದು ತಮ್ಮ ಹುಟ್ಟಿದೂರಿನ ವಿಲಾ ಪಾರ್ಕ್ ಮೈದಾನದಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಹಾಡಿದರು. ಹದಿನೇಳು ದಿನಗಳ ಬಳಿಕ ತೀರಿಕೊಂಡರು. ಆ ವಾರ ನನ್ನ ಕ್ಲಿನಿಕ್ಕಿಗೆ ಬಂದ ಪಾರ್ಕಿನ್ಸನ್ ರೋಗಿಗಳು ತಮ್ಮ ಮಾತ್ರೆಗಳಿಗಿಂತ ಹೆಚ್ಚಾಗಿ ಆ ಕುರ್ಚಿಯ ಬಗ್ಗೆಯೇ ಮಾತನಾಡಿದರು.

ನಾವು ಕೊಡುವಂಥದ್ದೂ ಕೆಲವು ಇವೆ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ಆದರೆ ಅವರ ಹುಟ್ಟುಹೆಸರು ಫರೂಖ್ ಬುಲ್ಸಾರಾ, ತಂದೆತಾಯಿ ಪಾರ್ಸಿಗಳು, ಜಾಂಜಿಬಾರಿನಲ್ಲಿ ಹುಟ್ಟಿ ಪಂಚಗಣಿಯ ಶಾಲೆಯಲ್ಲಿ ಓದುವಾಗಲೇ ಗೆಳೆಯರೊಡನೆ ತಂಡ ಕಟ್ಟಿದ್ದರು ಎಂದರೆ ಹಲವರು ಹುಬ್ಬೇರಿಸುತ್ತಾರೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ರವಿಶಂಕರರ ಬಳಿ ಸಿತಾರ್ ಕಲಿತದ್ದು, 1968ರಲ್ಲಿ ನಾಲ್ವರೂ ಋಷಿಕೇಶಕ್ಕೆ ಹೋದದ್ದು ಹಿರಿಯರಿಗೆ ಗೊತ್ತು, ಕಿರಿಯರಿಗೆ ಗೊತ್ತಿಲ್ಲ.

ಹಾಡು ತಿಳಿಯದಿರುವುದು ಕೆಲಸಕ್ಕೇ ಅಡ್ಡಬರುವ ಪ್ರಸಂಗಗಳೂ ಉಂಟು. ಹೃದಯ ನಿಂತವರಿಗೆ ಎದೆಯೊತ್ತುವ ತರಬೇತಿಯಲ್ಲಿ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂದು ಕಲಿಸುತ್ತಾರೆ. ಲಯ ತಪ್ಪದಿರಲು ಬೀ ಜೀಸ್ ತಂಡದ 1977ರ ‘ಸ್ಟೇಯಿಂಗ್ ಅಲೈವ್’ ಹಾಡನ್ನು ಮನಸ್ಸಿನಲ್ಲಿ ಗುನುಗಿಕೊಳ್ಳಿ ಎನ್ನುತ್ತಾರೆ. ಅದರ ಲಯ ನಿಮಿಷಕ್ಕೆ ಸುಮಾರು 103. ಅದಕ್ಕೂ ಮೊದಲು ಮಕ್ಕಳ ‘ನೆಲ್ಲಿ ದಿ ಎಲಿಫೆಂಟ್’ ಹಾಡನ್ನು ಹೇಳುತ್ತಿದ್ದರು. ಇದರ ಬಗ್ಗೆ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನವೇ ಪ್ರಕಟವಾಯಿತು: ಆನೆಯ ಹಾಡಿನಿಂದ ವೇಗ ಸರಿಹೋಯಿತು, ಆದರೆ ಒತ್ತುವ ಆಳ ಸಾಲದಾಯಿತು. ಈ ಎರಡೂ ಹಾಡುಗಳನ್ನು ಕೇಳದೆ ಬಂದವರಿಗೆ ಗುನುಗಿಕೊಳ್ಳಿ ಎಂದರೆ ಏನು ಪ್ರಯೋಜನ? ನಮ್ಮ ಕನ್ನಡ ವೈದ್ಯರ ಕೂಟವೊಂದರಲ್ಲಿ ಇದಕ್ಕೆ ತಕ್ಕ ಕನ್ನಡ ಹಾಡನ್ನು ಹುಡುಕುವ ಚರ್ಚೆ ಊಟ ತಣ್ಣಗಾಗುವವರೆಗೆ ನಡೆದು ತೀರ್ಮಾನವಿಲ್ಲದೆ ಮುಗಿಯಿತು. ಗಡಿಯಾರ ನೋಡಿ ಅಭ್ಯಾಸ ಮಾಡಿ ಎಂಬುದೇ ನಾನು ಹೊಸಬರಿಗೆ ಹೇಳುವ ಮಾತು.

ವೃದ್ಧರ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಹಾಡಿನ ವಿಷಯ ಕಾಫಿ ಕೋಣೆಗೆ ಮುಗಿಯುವುದಿಲ್ಲ. 2001ರಲ್ಲಿ ನಾನು ಬಂದಾಗ ಎಂಬತ್ತು ತುಂಬಿದ ರೋಗಿ ಹದಿನೆಂಟರ ಹರೆಯದಲ್ಲಿದ್ದದ್ದು 1939ರಲ್ಲಿ, ಮಹಾಯುದ್ಧದ ಹೊಸ್ತಿಲಿನಲ್ಲಿ. ಅವರ ಹಾಡುಗಾರ್ತಿ ವೇರಾ ಲಿನ್. ಇಂದು ಎಂಬತ್ತು ತುಂಬಿದವರು ಹದಿನೆಂಟರಲ್ಲಿದ್ದದ್ದು 1963ರಲ್ಲಿ. ಬೀಟಲ್ಸ್‌ನ ಮೊದಲ ಆಲ್ಬಮ್ ಬಂದ ವರ್ಷ. ಪಾಲ್ ಮೆಕಾರ್ಟ್ನಿಯವರೇ ಈಗ ಎಂಬತ್ತು ದಾಟಿದ್ದಾರೆ. ನನ್ನ ಕಣ್ಣೆದುರಿನಲ್ಲಿಯೇ ವಾರ್ಡಿನ ಹಾಡು ಬದಲಾಗಿದೆ. ಆದರೆ ಎಷ್ಟೋ ವೃದ್ಧಾಶ್ರಮಗಳಲ್ಲಿ ಮುದುಕರೆಂದರೆ ಯುದ್ಧಕಾಲದ ಹಾಡು ಎಂಬ ಹಳೆಯ ಲೆಕ್ಕ ಇನ್ನೂ ನಡೆದಿದೆ. ಸ್ಟೋನ್ಸ್ ಕೇಳಿ ತಲೆಗೂದಲು ಬೆಳೆಸಿದ್ದ ಒಬ್ಬರು, ‘ಇದು ನಮ್ಮಮ್ಮನ ಹಾಡು, ನನ್ನದಲ್ಲ’ ಎಂದು ನನ್ನೆದುರಿಗೇ ಗೊಣಗಿದ್ದುಂಟು.

ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ. ಡಿಮೆನ್ಷಿಯಾದಲ್ಲಿ ಮಕ್ಕಳ ಹೆಸರು ಹೋದ ಮೇಲೂ ಆ ಕಾಲದ ಹಾಡು ಉಳಿಯುವುದನ್ನು ನಾವು ದಿನವೂ ನೋಡುತ್ತೇವೆ. ಸ್ಕಾಟ್ಲೆಂಡಿನಲ್ಲಿ ಸ್ಯಾಲಿ ಮ್ಯಾಗ್ನಸನ್ ಎಂಬ ಪತ್ರಕರ್ತೆ ತಮ್ಮ ತಾಯಿಯ ಮರೆವಿನ ದಿನಗಳ ಅನುಭವದಿಂದ 2013ರಲ್ಲಿ ‘ಪ್ಲೇಲಿಸ್ಟ್ ಫಾರ್ ಲೈಫ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ರೋಗಿಯ ಬದುಕಿನ ಹಾಡುಗಳನ್ನು ಪಟ್ಟಿ ಮಾಡಿ ಕೇಳಿಸುವುದು ಅದರ ಕೆಲಸ. ಸ್ನಾನಕ್ಕೆ ಕರೆದರೆ ಕೈಯೆತ್ತುವವರು ತಮ್ಮ ಹಾಡು ಕೇಳುತ್ತ ಶಾಂತರಾಗುತ್ತಾರೆ. ಎಲ್ಲರಿಗೂ ಹೀಗಾಗುತ್ತದೆಂದಲ್ಲ; ಕೆಲವು ಹಾಡು ಸತ್ತವರನ್ನು ನೆನಪಿಸಿ ಅಳಿಸುವುದೂ ಉಂಟು. ಆಗ ನಿಲ್ಲಿಸಬೇಕು.

ಇಲ್ಲಿಯೇ ನಮ್ಮವರ ವಿಷಯ ಬರುತ್ತದೆ. ಮಗನೊಡನೆ ಇರಲು ಬಂದ ಕನ್ನಡದ ವೃದ್ಧೆಯೊಬ್ಬರು ಮರೆವಿನ ದೂರಿನಿಂದ ಆಸ್ಪತ್ರೆಗೆ ಬಂದರೆನ್ನಿ. ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, 1972ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಒಂದು ಪರೀಕ್ಷೆಯಿದೆ. ಮೊದಲ ಮಹಾಯುದ್ಧ ಯಾವಾಗ ಆರಂಭವಾಯಿತು, ಈಗಿನ ದೊರೆ ಯಾರು ಎಂಬುವೂ ಅದರಲ್ಲಿ ಸೇರಿವೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ, ಮೂರು ತಿಂಗಳ ಹಿಂದೆ ಬಂದಿಳಿದ ಹೆಣ್ಣುಮಗಳಿಗೆ 1914 ಏಕೆ ತಿಳಿದಿರಬೇಕು? ತಿಳಿವಳಿಕೆಯ ಆ ಖಾಲಿ ಜಾಗವನ್ನು ಮರೆವೆಂದು ಎಣಿಸಿದರೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ಇದಕ್ಕಾಗಿಯೇ ಆಸ್ಟ್ರೇಲಿಯದಲ್ಲಿ, ಬೇರೆ ಬೇರೆ ಭಾಷೆ ಮತ್ತು ಸಂಸ್ಕೃತಿಗಳ ಜನರಿಗೆ ಹೊಂದುವಂತೆ ‘ರುಡಾಸ್’ ಎಂಬ ಪರೀಕ್ಷೆಯನ್ನು ರೂಪಿಸಿ 2004ರಲ್ಲಿ ಪ್ರಕಟಿಸಿದರು. ನಿಮ್ಮ ತಂದೆತಾಯಿಗೆ ಇಲ್ಲಿ ಇಂಥ ತಪಾಸಣೆ ನಡೆಯುವುದಾದರೆ, ಅದನ್ನೋ ಅಂಥದ್ದನ್ನೋ ಬಳಸಿರೆಂದು, ದುಭಾಷಿಯನ್ನು ಕರೆಸಿರೆಂದು ಕೇಳಿ. ದುಭಾಷಿಯ ಸೇವೆಗೆ ನೀವು ಹಣ ಕೊಡಬೇಕಾಗಿಲ್ಲ. ಮಕ್ಕಳು ಮಧ್ಯೆ ಕುಳಿತು ಉತ್ತರವನ್ನು ‘ಸರಿಪಡಿಸಿ’ ಹೇಳುವುದು ಬೇಡ.

ಇದರ ಇನ್ನೊಂದು ಮಗ್ಗುಲೂ ಇದೆ. ಅಂಥ ಹಿರಿಯರೊಬ್ಬರು ಯುದ್ಧದ ಇಸವಿಯನ್ನು ಹೇಳಲಾರದೆ, ನಾನು ಕನ್ನಡದಲ್ಲಿ ಮಾತಾಡಿಸಿದಾಗ ಪುರಂದರದಾಸರ ಪದವೊಂದನ್ನು ಅಂಕಿತದವರೆಗೂ ಎಲ್ಲಿಯೂ ತಡವರಿಸದೆ ಹಾಡಿದರು. ಮಗನ ಕಣ್ಣು ತುಂಬಿತು. ‘ಪೂರ್ತಿ ನೆನಪಿದೆಯಲ್ಲ ಡಾಕ್ಟ್ರೇ, ಹಾಗಾದ್ರೆ ಅದು ಆ ಕಾಯಿಲೆ ಅಲ್ಲ ಅಲ್ವಾ?’ ಎಂದರು. ಇಂಗ್ಲಿಷಿನಲ್ಲಿ ನೂರು ಸಲ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುವುದು ನನಗೆ ಅಂದು ಸುಲಭವಾಗಲಿಲ್ಲ. ಹಾಡು ಉಳಿದಿರುವುದು ಕಾಯಿಲೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹಾಡು ಎಲ್ಲಕ್ಕಿಂತ ಕೊನೆಗೆ ಹೋಗುವಂಥದ್ದು. ಬೆಳಿಗ್ಗೆ ಏನು ತಿಂದರು, ಮನೆಯ ದಾರಿ ತಿಳಿಯುತ್ತದೆಯೇ, ಒಲೆ ಆರಿಸುತ್ತಾರೆಯೇ, ಇವನ್ನು ಕೇಳಬೇಕು. ಕೇಳಿದೆವು. ಉತ್ತರಗಳು ಅವರು ಬಯಸಿದಂತಿರಲಿಲ್ಲ.

ಆ ಮಗನಿಗೆ ಅಮ್ಮನ ಆ ಒಂದು ಪದದ ಹೊರತು ಇನ್ನೊಂದು ಹಾಡಿನ ಹೆಸರು ಹೊಳೆಯಲಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಂತೂ ಕೇಳುವುದೇ ಬೇಡ. ದೇಶ ದಾಟಿದ ಮನೆಗಳಲ್ಲಿ ಈ ಖಾಲಿ ಜಾಗ ಎರಡೂ ಕಡೆ ಇದೆ. ನಮಗೆ ಇವರ ಓಯಸಿಸ್ ತಿಳಿಯದು, ನಮ್ಮ ಮಕ್ಕಳಿಗೆ ನಮ್ಮ ರಾಜನ್-ನಾಗೇಂದ್ರ ತಿಳಿಯರು. ನಾಳೆ ನಾನೇ ಇಲ್ಲಿಯ ವೃದ್ಧಾಶ್ರಮವೊಂದರಲ್ಲಿ ಕುಳಿತಾಗ, ಎಂಬತ್ತರ ಮುದುಕನೆಂದು ಯಾರೋ ನನಗೆ ಕ್ವೀನ್ ಹಾಕಿ ಹೋದಾರು.

ಬಿಬಿಸಿ ರೇಡಿಯೋದಲ್ಲಿ 1942ರಿಂದ ನಡೆದುಬಂದ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ ಎಂಬ ಕಾರ್ಯಕ್ರಮದಲ್ಲಿ, ನಿರ್ಜನ ದ್ವೀಪಕ್ಕೆ ಒಯ್ಯಬಹುದಾದ ಎಂಟು ಧ್ವನಿಮುದ್ರಿಕೆಗಳನ್ನು ಅತಿಥಿ ಆರಿಸಬೇಕು. ನಾನು ನನ್ನ ಕನ್ನಡ ಗೆಳೆಯರಿಗೆ ಇದನ್ನೇ ಮಾಡಿಸುತ್ತಿದ್ದೇನೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಭಾನುವಾರದ ಕರೆಯಲ್ಲಿ ‘ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ’ ಎಂದು ಕೇಳಿದ ಮೇಲೆ ಒಂದು ಹಾಡಿನ ಬಗ್ಗೆ ಕೇಳಿ. ಹೆಸರು ಮಾತ್ರ ಸಾಲದು. ಯಾರು ಹಾಡಿದ್ದು, ಯಾವ ಮುದ್ರಣ, ಎಲ್ಲಿ ಕೇಳಿದ್ದು, ಆಗ ಯಾರಿದ್ದರು ಎಂಬುದನ್ನೂ ಬರೆದಿಡಿ. ಕನ್ನಡ ಬಾರದ ದಾದಿಗೆ ಹುಡುಕಲಾಗದು. ಆದ್ದರಿಂದ ಫೋನಿನಲ್ಲಿಯೇ ಜೋಡಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಿ. ಕಿವಿಯೊಳಗೆ ತುರುಕುವ ಇಯರ್‌ಫೋನ್ ಬೇಡ, ಮೇಲೆ ಕೂರುವ ಹೆಡ್‌ಫೋನ್ ಇರಲಿ. ಶ್ರವಣಯಂತ್ರವಿದ್ದವರಿಗೆ ಸಣ್ಣ ಸ್ಪೀಕರ್ ಮೇಲು.

ನನ್ನ ಹಿರಿಯ ಮಿತ್ರರೊಬ್ಬರು ಈಚೆಗೆ ತಮ್ಮ ಎಂಟನ್ನು ಬರೆದು ಕಳಿಸಿದರು. ಐದು ಕನ್ನಡ ಚಿತ್ರಗೀತೆಗಳು, ಒಂದು ಭಾವಗೀತೆ, ಒಂದು ಹಿಂದಿ. ಎಂಟನೆಯದು ಹಾಡೇ ಅಲ್ಲ: ಬೆಳಗಿನ ಪ್ರಸಾರದ ಮೊದಲು ಆಕಾಶವಾಣಿಯಲ್ಲಿ ಬರುತ್ತಿದ್ದ ಆ ಸಂಕೇತವಾದನ. ಅದನ್ನು ಸಂಯೋಜಿಸಿದವರು ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರರೆಂದು ಹೇಳುತ್ತಾರೆ; ಯುರೋಪಿನಲ್ಲಿ ನಾಜಿಗಳ ಕಾಲ ಆರಂಭವಾದಾಗ ಮುಂಬಯಿಗೆ ಬಂದು, ಆಕಾಶವಾಣಿಯಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ, ಅಲ್ಲಿಂದ ಕೆನಡಾಕ್ಕೆ, ಕೊನೆಗೆ ಅಮೆರಿಕಕ್ಕೆ ಹೋದವರು. ಮಿತ್ರರ ಮಗಳು ಅದನ್ನು ಫೋನಿಗೆ ಇಳಿಸಿಕೊಳ್ಳುತ್ತ, ‘ಅಂಕಲ್, ಇದರಲ್ಲಿ ಮಾತೇ ಇಲ್ವಲ್ಲ?’ ಎಂದು ನನ್ನನ್ನು ಕೇಳಿದಳು. ಇಲ್ಲ, ಇದಾದ ಮೇಲೆ ವಂದೇ ಮಾತರಂ ಬರುತ್ತದೆ, ನಿಮ್ಮಜ್ಜಿ ಒಲೆ ಹೊತ್ತಿಸುತ್ತಾರೆ ಎಂದೆ.